ಹಾಸನದ ನಿಯಂತ್ರಣ ಕೇಂದ್ರ ಮತ್ತು ಬಾನಿನಿಂದ ಬೀಳುವ ಅವಶೇಷ

ಹಾಸನ ನಗರದ ಸಾಲಗಾಮೆ ರಸ್ತೆಯಲ್ಲಿ 1982ರಲ್ಲಿ ಕಾರ್ಯಾರಂಭ ಮಾಡಿದ ಇಸ್ರೊದ ಪ್ರಧಾನ ನಿಯಂತ್ರಣ ಕೇಂದ್ರವನ್ನು ಜಿಲ್ಲೆಯ ಜನ ಎಂಸಿಎಫ್ ಎಂದೇ ಕರೆಯುತ್ತಾರೆ. ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿ, ಭೂಮಿಯ ಆವರ್ತನೆಗೆ ಸರಿಸಮನಾಗಿ ಸುತ್ತುತ್ತ ನೆಲದಿಂದ ನೋಡುವವರಿಗೆ ಒಂದೇ ಕಡೆ ನಿಂತಂತೆ ತೋರುವ ಭೂಸ್ಥಿರ ಉಪಗ್ರಹಗಳನ್ನು ಅವುಗಳ ಸ್ಥಾನದಲ್ಲಿ ಕಾಪಾಡುವುದು ಇದರ ಕೆಲಸ. ಹೊಳೆನರಸೀಪುರದ ಗದ್ದೆಬಯಲಿಗೂ ಅರಕಲಗೂಡಿನ ಹೊಗೆಸೊಪ್ಪಿನ ಹೊಲಕ್ಕೂ ಚನ್ನರಾಯಪಟ್ಟಣದ ತೆಂಗಿನ ತೋಟಕ್ಕೂ ದೂರದರ್ಶನದ ಚಿತ್ರವನ್ನೂ ಮಳೆಯ ಮುನ್ಸೂಚನೆಯನ್ನೂ ತಲುಪಿಸಿದ ಇನ್ಸಾಟ್ ಸರಣಿಯ ಉಪಗ್ರಹಗಳು ನೆರೆಯ ಊರಿನಿಂದಲೇ ಆದೇಶ ಪಡೆಯುತ್ತಿದ್ದವು ಎಂಬುದು ಆ ಊರುಗಳಲ್ಲಿ ಬಹುಮಂದಿಗೆ ತಿಳಿದ ಸಂಗತಿ. ಆಯುಷ್ಯ ಮುಗಿದ ಉಪಗ್ರಹಗಳ ವಿಲೇವಾರಿಯಲ್ಲಿ ಈ ಕೇಂದ್ರ ನಾಲ್ಕು ದಶಕಗಳಲ್ಲಿ ಗಳಿಸಿದ ಅನುಭವ ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಬಾಹ್ಯಾಕಾಶದ ಅವಶೇಷಗಳಿಂದ ಪ್ರಯಾಣಿಕರ ವಿಮಾನಗಳಿಗೆ ಒದಗಬಹುದಾದ ಅಪಾಯ ಇಂದು ಗಂಭೀರ ಪ್ರಶ್ನೆಯಾಗಿರುವುದರಿಂದ ಈ ಚರಿತ್ರೆಗೆ ಹೊಸ ಮಹತ್ವ ಬಂದಿದೆ.

ಕೇಂದ್ರದ ಮೊದಲ ಪಾಠವೇ ಸೋಲಿನದಾಗಿತ್ತು. 1982ರ ಏಪ್ರಿಲ್ 10ರಂದು ಅಮೆರಿಕದಿಂದ ಉಡಾವಣೆಗೊಂಡ ಇನ್ಸಾಟ್-1ಎ ಆರಂಭದಿಂದಲೂ ತೊಂದರೆಗಳಿಗೆ ಸಿಕ್ಕಿ, ಅದೇ ಸೆಪ್ಟೆಂಬರ್ 6ರಂದು ತನ್ನ ನಿಲುವನ್ನು ಕಾಯ್ದುಕೊಳ್ಳುವ ಇಂಧನವನ್ನೆಲ್ಲ ಕಳೆದುಕೊಂಡು ನಿರುಪಯುಕ್ತವಾಯಿತು. ಮರುವರ್ಷ ಆಗಸ್ಟಿನಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆಯಿಂದ ಹೊರಬಿದ್ದ ಇನ್ಸಾಟ್-1ಬಿಯ ಸೌರಫಲಕವೂ ಬಿಚ್ಚಿಕೊಳ್ಳದೆ ಸಿಕ್ಕಿಕೊಂಡಾಗ, ತಯಾರಕ ಸಂಸ್ಥೆಯ ಎಂಜಿನಿಯರುಗಳೂ ಭಾರತದ ನಿಯಂತ್ರಕರೂ ಕೂಡಿ ಸೆಪ್ಟೆಂಬರ್ ನಡುವಿನ ಹೊತ್ತಿಗೆ ಅದನ್ನು ಬಿಡಿಸಿದರು. ದೇಶದ ದೂರಸಂಪರ್ಕ ಜಾಲ ಬೆಳೆದದ್ದು ಆ ಉಪಗ್ರಹದ ಆಧಾರದ ಮೇಲೆ. ಆದರೆ 1988ರಲ್ಲಿ ಹಾರಿದ ಇನ್ಸಾಟ್-1ಸಿ ಮುಂದಿನ ವರ್ಷವೇ ನಿಯಂತ್ರಣ ತಪ್ಪಿತು. ಭಾರತದಲ್ಲಿಯೇ ನಿರ್ಮಾಣವಾದ ಇನ್ಸಾಟ್-2ಡಿ 1997ರ ಜೂನಿನಲ್ಲಿ ಕಕ್ಷೆ ಸೇರಿ, ವಿದ್ಯುತ್ ವ್ಯವಸ್ಥೆಯ ದೋಷದಿಂದ ಅಕ್ಟೋಬರಿನಲ್ಲಿ ನಿಷ್ಕ್ರಿಯವಾಯಿತು.

ಹೀಗೆ ನಿಯಂತ್ರಣ ತಪ್ಪಿದ ಕಾಯಗಳು ನಿಂತಲ್ಲೇ ನಿಲ್ಲುವುದಿಲ್ಲ. ಭೂಮಿಯ ಸಮಭಾಜಕವು ಪರಿಪೂರ್ಣ ವೃತ್ತವಲ್ಲದ ಕಾರಣ ಗುರುತ್ವದಲ್ಲಿ ಸಣ್ಣ ಏರುಪೇರಿದ್ದು, ಭೂಸ್ಥಿರ ಕಕ್ಷೆಯಲ್ಲಿ ಪೂರ್ವ ರೇಖಾಂಶ 75 ಡಿಗ್ರಿಯ ಹತ್ತಿರ ಒಂದು ಮತ್ತು ಪಶ್ಚಿಮ ರೇಖಾಂಶ 105 ಡಿಗ್ರಿಯ ಹತ್ತಿರ ಇನ್ನೊಂದು, ಹೀಗೆ ಎರಡು ಸಮತೋಲ ಬಿಂದುಗಳು ಉಂಟಾಗಿವೆ. ತಗ್ಗಿನತ್ತ ನೀರು ಸರಿಯುವಂತೆ, ಕೈಬಿಟ್ಟ ಉಪಗ್ರಹಗಳು ಈ ಬಿಂದುಗಳತ್ತ ಸರಿದು ಅವುಗಳ ಆಚೀಚೆ ವರ್ಷಾನುಗಟ್ಟಲೆ ತೂಗಾಡುತ್ತವೆ. ಹಾಸನವಿರುವುದು ಸುಮಾರು 76 ಡಿಗ್ರಿ ರೇಖಾಂಶದಲ್ಲಿ. ಭಾರತ ಮೊದಲಿಂದ ಬಳಸುತ್ತ ಬಂದ ಕಕ್ಷಾಸ್ಥಾನ 74 ಡಿಗ್ರಿ. ಅಂದರೆ ಜಗತ್ತಿನ ಎರಡು ಅವಶೇಷ ಸಂಗಮಗಳಲ್ಲಿ ಒಂದು ಕರ್ನಾಟಕದ ನೇರ ದಕ್ಷಿಣಕ್ಕೆ, ಹಿಂದೂ ಮಹಾಸಾಗರದ ಮೇಲೆ, ಭಾರತದ ಉಪಗ್ರಹಗಳ ಮಗ್ಗುಲಲ್ಲಿಯೇ ಇದೆ. ಇತರ ದೇಶಗಳಿಗೆ ದೂರದ ತೊಡಕಾಗಿದ್ದ ಅವಶೇಷದ ಸಮಸ್ಯೆ ಹಾಸನಕ್ಕೆ ಮೊದಲಿನಿಂದಲೂ ನೆರೆಯ ಸಮಸ್ಯೆಯಾಗಿತ್ತು.

ಇದಕ್ಕೆ ಕಂಡುಕೊಂಡ ಪರಿಹಾರವೇ ಸ್ಮಶಾನ ಕಕ್ಷೆ. ಬಾಹ್ಯಾಕಾಶ ಅವಶೇಷಗಳ ಕುರಿತ ಅಂತರ ಸಂಸ್ಥಾ ಸಮನ್ವಯ ಸಮಿತಿಯು 2002ರಲ್ಲಿ ರೂಪಿಸಿದ ಮಾರ್ಗಸೂಚಿಯಂತೆ, ಸೇವೆ ಮುಗಿದ ಭೂಸ್ಥಿರ ಉಪಗ್ರಹವನ್ನು ಕನಿಷ್ಠ 235 ಕಿ.ಮೀ., ಅದರ ಮೇಲೆ ಆಯಾ ಉಪಗ್ರಹದ ವಿಸ್ತಾರಕ್ಕೂ ತೂಕಕ್ಕೂ ತಕ್ಕಷ್ಟು ಹೆಚ್ಚುವರಿ ಎತ್ತರಕ್ಕೆ ಏರಿಸಿ ಬಿಡಬೇಕು. ಇದಕ್ಕೆ ಬೇಕಾದ ಇಂಧನದಿಂದ ಉಪಗ್ರಹವನ್ನು ಇನ್ನೂ ಸುಮಾರು ಮೂರು ತಿಂಗಳು ಸೇವೆಯಲ್ಲಿ ಇರಿಸಿಕೊಳ್ಳಬಹುದು. ಆದಾಯ ತರುತ್ತಿರುವ ಉಪಗ್ರಹವನ್ನು ಇಂಧನ ಉಳಿದಿರುವಾಗಲೇ ನಿವೃತ್ತಿಗೊಳಿಸುವ ನಿರ್ಧಾರ ಆದ್ದರಿಂದ ಸುಲಭದ್ದಲ್ಲ. 2022ರ ಜನವರಿಯಲ್ಲಿ ಇನ್ಸಾಟ್-4ಬಿಯನ್ನು ಒಂದು ವಾರದ ಅವಧಿಯಲ್ಲಿ ಹನ್ನೊಂದು ಸಲ ಎಂಜಿನ್ ಉರಿಸಿ ಭೂಸ್ಥಿರ ಕಕ್ಷೆಗಿಂತ ಸುಮಾರು 340 ಕಿ.ಮೀ. ಮೇಲಕ್ಕೆ ಏರಿಸಲಾಯಿತು, ಹೀಗೆ ವಿಲೇವಾರಿಯಾದ ಭಾರತೀಯ ಭೂಸ್ಥಿರ ಉಪಗ್ರಹಗಳಲ್ಲಿ ಅದು 21ನೆಯದು. ಹಾಸನದ ಈ ಸಾಧನೆಗೆ ಯಾವುದೇ ಉಡಾವಣೆಗೆ ಸಲ್ಲುವಷ್ಟೇ ಗೌರವ ಸಲ್ಲಬೇಕು.

ಅಷ್ಟು ಎತ್ತರದಲ್ಲಿ ಗಾಳಿಯ ಎಳೆತವಿಲ್ಲದ ಕಾರಣ ಈ ಉಪಗ್ರಹಗಳು ನೆಲಕ್ಕೆ ಬೀಳುವುದಿಲ್ಲ. ವಿಮಾನಗಳಿಗೆ ಅಪಾಯ ಬರುವುದು ಕೆಳಕಕ್ಷೆಯ ಉಪಗ್ರಹಗಳಿಂದ ಮತ್ತು ಅದಕ್ಕಿಂತ ಹೆಚ್ಚಾಗಿ, ಉಪಗ್ರಹಗಳನ್ನು ಮೇಲಕ್ಕೊಯ್ದು ಬಿಟ್ಟ ರಾಕೆಟ್ಟುಗಳ ಖಾಲಿ ಹಂತಗಳಿಂದ. 1979ರ ಜುಲೈ 11ರಂದು ಅಮೆರಿಕದ ಸ್ಕೈಲ್ಯಾಬ್ ಉರುಳುವ ಮುನ್ನ ಭಾರತದ ಉದ್ದಗಲಕ್ಕೂ ಭೀತಿ ಹರಡಿತ್ತು. ಅದರ ಚೂರುಗಳು ಕೊನೆಗೆ ಬಿದ್ದದ್ದು ಪಶ್ಚಿಮ ಆಸ್ಟ್ರೇಲಿಯಾದಲ್ಲಿ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿ ಚೀನಾದ ಲಾಂಗ್ ಮಾರ್ಚ್ ರಾಕೆಟ್ಟಿನದೆಂದು ತಜ್ಞರು ಗುರುತಿಸಿದ ದೊಡ್ಡ ಲೋಹದ ಬಳೆಯೊಂದು ಊರಿನ ನಡುವೆಯೇ ಬಿದ್ದಿತು. ಭಾರತದ ರಾಕೆಟ್ಟುಗಳೂ ಇದಕ್ಕೆ ಹೊರತಲ್ಲ: ಚಂದ್ರಯಾನ-3ನ್ನು ಹೊತ್ತೊಯ್ದ ರಾಕೆಟ್ಟಿನ ಕ್ರಯೋಜನಿಕ್ ಹಂತ 2023ರ ನವೆಂಬರ್ 15ರಂದು ಯಾರ ಹತೋಟಿಯೂ ಇಲ್ಲದೆ ಉತ್ತರ ಪೆಸಿಫಿಕ್ ಸಾಗರದ ಮೇಲೆ ವಾತಾವರಣ ಹೊಕ್ಕಿತು.

ಹತೋಟಿಯಿಲ್ಲದ ಇಂಥ ಪತನದಲ್ಲಿ ಸಮಯದ ಅನಿಶ್ಚಯವೇ ದೊಡ್ಡ ಕೇಡು. ಕೆಳಕಕ್ಷೆಯ ಕಾಯ ಗಂಟೆಗೆ ಸುಮಾರು 28,000 ಕಿ.ಮೀ. ಸಾಗುವುದರಿಂದ ಲೆಕ್ಕ ಒಂದು ಗಂಟೆ ತಪ್ಪಿದರೂ ಬೀಳುವ ಜಾಗ ಭೂಗೋಳದ ಇನ್ನೊಂದು ಮಗ್ಗುಲಿಗೆ ಹೋಗುತ್ತದೆ. ಮನೆಯ ಮಾಡಿಗೆ ಬಿದ್ದರೆ ಹೆಂಚು ಒಡೆಯುವಷ್ಟು ಸಣ್ಣ ಚೂರು ಸಹ, ಗಂಟೆಗೆ 800 ಕಿ.ಮೀ.ಗೂ ಮೀರಿದ ವೇಗದ ವಿಮಾನದ ಎಂಜಿನ್ನಿಗೋ ಗಾಜಿಗೋ ತಾಗಿದರೆ ಪ್ರಾಣಾಂತಕವಾಗಬಹುದು. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ಒಡೆದಾಗ ಅದರ 80,000ಕ್ಕೂ ಹೆಚ್ಚು ಚೂರುಗಳು ಸಿಕ್ಕವು. ಅವು ಹಾದು ಬಿದ್ದ ವಾಯುಪ್ರದೇಶದಲ್ಲಿ ವಿಮಾನಗಳೂ ಹಾರುತ್ತಿದ್ದವು, ಆದರೆ ಯಾವುದಕ್ಕೂ ತಾಗಲಿಲ್ಲ. 2022ರ ನವೆಂಬರ್ 4ರಂದು ಚೀನಾದ ಇಪ್ಪತ್ತು ಟನ್ನಿನಷ್ಟು ತೂಕದ ರಾಕೆಟ್ ಹಂತವೊಂದು ಮೇಲೆ ಹಾದುಹೋಗಲಿದೆಯೆಂದು ಸ್ಪೇನ್ ತನ್ನ ವಾಯುಪ್ರದೇಶದ ಒಂದು ಭಾಗವನ್ನು ಸುಮಾರು 40 ನಿಮಿಷ ಮುಚ್ಚಿದಾಗ ನೂರಾರು ವಿಮಾನಗಳು ತಡವಾದವು. ಹಂತ ಬಿದ್ದದ್ದು ಪೆಸಿಫಿಕ್ಕಿನಲ್ಲಿ. ಬೆಂಗಳೂರಿನಿಂದ ಮಂಗಳೂರಿಗೆ ಎಳೆದ ನೇರ ಗೆರೆ ಹಾಸನ ಜಿಲ್ಲೆಯ ಮೇಲೆಯೇ ಹಾಯುವುದನ್ನು ನೆನೆದರೆ, ಇದು ದೂರದೇಶದವರ ಚಿಂತೆ ಮಾತ್ರವೆಂದು ಇಲ್ಲಿನವರು ತಳ್ಳಿಹಾಕುವಂತಿಲ್ಲ.

ಪರಿಹಾರದ ದಾರಿ ಬೆಂಗಳೂರಿನಲ್ಲಿಯೇ ಸಿದ್ಧವಾಗಿದೆ. 2011ರಲ್ಲಿ ಹಾರಿದ, ಸುಮಾರು ಒಂದು ಟನ್ ತೂಕದ ಮೇಘಾ-ಟ್ರೋಪಿಕ್ಸ್ ಉಪಗ್ರಹವನ್ನು ನಿಯಂತ್ರಿತ ಪತನಕ್ಕೆಂದು ರೂಪಿಸಿರಲಿಲ್ಲ. ಆದರೂ ಅದರಲ್ಲಿ ಉಳಿದಿದ್ದ ಇಂಧನವನ್ನೇ ಬಳಸಿ ಇಸ್ರೊದ ಎಂಜಿನಿಯರುಗಳು 2023ರ ಮಾರ್ಚ್ 7ರಂದು ಅದನ್ನು ಪೆಸಿಫಿಕ್ ಸಾಗರದ ನಿರ್ಜನ ಭಾಗದ ಮೇಲೆ ಇಳಿಸಿ ನಾಶಪಡಿಸಿದರು. 2030ರ ಹೊತ್ತಿಗೆ ಭಾರತದ ಸರ್ಕಾರಿ ಮತ್ತು ಖಾಸಗಿ ಯಾನಗಳೆಲ್ಲ ಅವಶೇಷಮುಕ್ತವಾಗಬೇಕೆಂಬ ಗುರಿಯನ್ನು ಇಸ್ರೊ 2024ರಲ್ಲಿ ಪ್ರಕಟಿಸಿದೆ. ಉಪಗ್ರಹಕ್ಕೆ ಕೊನೆಯ ಇಂಧನವನ್ನು ಮೀಸಲಿಡುವ ಹಾಸನದ ಶಿಸ್ತು ರಾಕೆಟ್ಟಿನ ಪ್ರತಿ ಮೇಲ್ಹಂತಕ್ಕೂ ಕಡ್ಡಾಯವಾಗದೆ ಆ ಗುರಿ ಪೂರ್ಣವಾಗುವುದಿಲ್ಲ.