ಹೆಸರು ಕೇಳದೆ ಕಲಿತ ಪಾಠ: ಸ್ನಾಯುಗಳ ಅರಿವಿನ ಚರಿತ್ರೆ

ಈ ಸಲದ ಯುಗಾದಿ ಕೂಟದ ಊಟದ ಹೊತ್ತಿನಲ್ಲಿ ನಮ್ಮ ಪಕ್ಕ ಕುಳಿತವಳು ಸದಸ್ಯರೊಬ್ಬರ ಮಗಳು, ಇಲ್ಲಿಯೇ ಇಂಗ್ಲೆಂಡಿನಲ್ಲಿ ವೈದ್ಯಕೀಯ ಶಿಕ್ಷಣದ ಮೊದಲ ವರ್ಷದಲ್ಲಿರುವವಳು. ಮುಂಗೈಯ ಸ್ನಾಯುಗಳ ಹೆಸರು ಎಷ್ಟು ಓದಿದರೂ ನೆನಪಿನಲ್ಲಿ ನಿಲ್ಲುವುದಿಲ್ಲವೆಂದು ದೂರುತ್ತ, ಒಬ್ಬಟ್ಟು ಮುರಿಯುವಾಗ ತನ್ನ ಬೆರಳುಗಳು ಮಡಿಯುವ ಬಗೆಯನ್ನು ನಮಗೆ ತೋರಿಸಿದಳು. ತಮ್ಮ ತಂಡಕ್ಕೆ ಕೊಟ್ಟಿರುವ ದೇಹದ ವಯಸ್ಸು ಮತ್ತು ಸಾವಿನ ಕಾರಣವನ್ನು ತಿಳಿಸಿದ್ದಾರೆಂದೂ, ಆ ವ್ಯಕ್ತಿ ಬದುಕಿದ್ದಾಗಲೇ ತಮ್ಮ ದೇಹವನ್ನು ಕಾಲೇಜಿಗೆ ಬರೆದುಕೊಟ್ಟಿದ್ದರೆಂದೂ, ವರ್ಷದ ಕೊನೆಗೆ ದಾನಿಗಳ ಕುಟುಂಬದವರೊಡನೆ ಕೃತಜ್ಞತಾ ಸಭೆ ನಡೆಯಲಿದೆಯೆಂದೂ ಹೇಳಿದಳು. ಆಮೇಲೆ ಕೇಳಿದಳು: “ಆಂಟಿ, ನಿಮ್ಮ ಟೇಬಲ್ ಮೇಲಿದ್ದವರು ಯಾರು?”

ನಮ್ಮಲ್ಲಿ ಉತ್ತರವಿರಲಿಲ್ಲ. ಎಂ.ಬಿ.ಬಿ.ಎಸ್. ಮುಗಿಸಿ ಎರಡು ದಶಕಗಳ ಮೇಲಾಗಿದೆ; ಈ ಪ್ರಶ್ನೆಯನ್ನು ನಮಗೆ ಯಾರೂ ಕೇಳಿರಲಿಲ್ಲ, ನಾವೂ ಕೇಳಿಕೊಂಡಿರಲಿಲ್ಲ. ಮನುಷ್ಯನು ತನ್ನ ಸ್ನಾಯುಗಳನ್ನು ಅರಿತುಕೊಂಡ ಚರಿತ್ರೆಯನ್ನು ಈ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡು ಮತ್ತೊಮ್ಮೆ ಓದಿದೆವು. ಅದರ ಫಲ ಈ ಲೇಖನ.

ನದಿಯ ನೀರಿನಲ್ಲಿ ಏಳು ರಾತ್ರಿ

ಮೊದಲು ಒಂದು ಶಬ್ದದ ವಿಚಾರ. ಇಂದು ನಾವು ಕನ್ನಡದಲ್ಲಿ ‘ಸ್ನಾಯು’ ಎಂದು ಕರೆಯುವುದನ್ನು ಸುಶ್ರುತಸಂಹಿತೆ ‘ಪೇಶೀ’ ಎನ್ನುತ್ತದೆ. ಅಲ್ಲಿ ‘ಸ್ನಾಯು’ ಎಂದರೆ ಕೀಲುಗಳನ್ನು ಬಿಗಿದು ಹಿಡಿಯುವ ಕಟ್ಟು. ಹಲಗೆಗಳನ್ನು ಹಗ್ಗದಿಂದ ಕಟ್ಟಿದ ದೋಣಿ ಹೇಗೆ ಭಾರ ಹೊರುವುದೋ, ಸ್ನಾಯುಗಳಿಂದ ಕಟ್ಟಿದ ಶರೀರವೂ ಹಾಗೆಯೇ ಭಾರ ಹೊರುವುದೆಂದು ಆ ಗ್ರಂಥ ಹೋಲಿಸುತ್ತದೆ. ಅದರ ಎಣಿಕೆಯಲ್ಲಿ ಪೇಶಿಗಳು 500: ಕೈಕಾಲುಗಳಲ್ಲಿ 400, ಮುಂಡದಲ್ಲಿ 66, ಕತ್ತಿನಿಂದ ಮೇಲೆ 34. ಇಂದಿನ ಎಣಿಕೆ ಆರುನೂರನ್ನು ಮೀರುತ್ತದೆ.

ಸಂಖ್ಯೆಗಿಂತ ಮುಖ್ಯವಾದುದು ಅದನ್ನು ಕಂಡುಕೊಂಡ ವಿಧಾನ. ಶಾರೀರಸ್ಥಾನದಲ್ಲಿ ಅದರ ವಿವರವಿದೆ. ಅಂಗಾಂಗಗಳೆಲ್ಲ ಇರುವ, ವಿಷದಿಂದಾಗಲಿ ದೀರ್ಘ ವ್ಯಾಧಿಯಿಂದಾಗಲಿ ಸಾಯದವನ ದೇಹವನ್ನು ಆರಿಸಿಕೊಳ್ಳಬೇಕು. ಹುಲ್ಲು, ನಾರುಗಳಿಂದ ಸುತ್ತಿ ಪಂಜರದಲ್ಲಿಟ್ಟು, ಮರೆಯಾದ ಸ್ಥಳದಲ್ಲಿ ಹರಿಯುವ ನೀರಿನಲ್ಲಿ ಮುಳುಗಿಸಬೇಕು. ಏಳು ರಾತ್ರಿಗಳ ನಂತರ ತೆಗೆದು, ಲಾವಂಚ, ಕೂದಲು, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮದಿಂದ ಮೊದಲ್ಗೊಂಡು ಪದರಪದರವಾಗಿ ಕಣ್ಣಾರೆ ನೋಡಬೇಕು. ಶಾಸ್ತ್ರದಲ್ಲಿ ಓದಿದ್ದು ಮತ್ತು ಕಣ್ಣಿನಿಂದ ಕಂಡದ್ದು ಎರಡೂ ಸೇರಿದರೆ ಮಾತ್ರ ಜ್ಞಾನ ಬೆಳೆಯುವುದೆಂಬುದು ಆ ಗ್ರಂಥದ ನಿಲುವು. ಆ ದೇಹ ಯಾರದೆಂಬ ಮಾತು ಅಲ್ಲಿಲ್ಲ.

ಕೋತಿಯಿಂದ ಮನುಷ್ಯನ ಕಡೆಗೆ

ಪಶ್ಚಿಮದಲ್ಲಿ ಸ್ನಾಯುಗಳ ಚಲನೆಯ ಬಗ್ಗೆ ವಿಸ್ತಾರವಾಗಿ ಬರೆದವನು ಎರಡನೆಯ ಶತಮಾನದ ಗೇಲೆನ್. ಪರ್ಗಮಮ್ ನಗರದಲ್ಲಿ ಗ್ಲಾಡಿಯೇಟರ್ ಮಲ್ಲರಿಗೆ ವೈದ್ಯನಾಗಿದ್ದ ಆತ ತೆರೆದ ಗಾಯಗಳ ಮೂಲಕ ಒಳಗಿನ ಮಾಂಸಖಂಡಗಳನ್ನು ಕಂಡಿದ್ದನು. ಸ್ನಾಯುವಿನ ಕೆಲಸ ಕುಗ್ಗುವುದೊಂದೇ, ಅದು ಎಳೆಯಬಲ್ಲುದೇ ಹೊರತು ತಳ್ಳಲಾರದು, ಆದುದರಿಂದಲೇ ಮಡಿಸುವ ಸ್ನಾಯುವಿಗೆ ಎದುರಾಗಿ ಚಾಚುವ ಸ್ನಾಯುವೊಂದು ಬೇಕು ಎಂಬ ತತ್ತ್ವವನ್ನು ಆತ ವಿವರಿಸಿದನು. ಇಂದಿಗೂ ವಿದ್ಯಾರ್ಥಿಗಳಿಗೆ ಮೊದಲು ಹೇಳಿಕೊಡುವುದು ಇದನ್ನೇ. ಆದರೆ ಅವನು ಛೇದಿಸಿ ನೋಡಿದ್ದು ಕೋತಿ, ಹಂದಿ ಮೊದಲಾದ ಪ್ರಾಣಿಗಳನ್ನು. ಅವುಗಳಲ್ಲಿ ಕಂಡದ್ದನ್ನು ಮನುಷ್ಯನಿಗೂ ಅನ್ವಯಿಸಿ ಬರೆದ ಅವನ ಗ್ರಂಥಗಳು ಸಾವಿರ ವರ್ಷಗಳಿಗೂ ಮೀರಿ ಪ್ರಮಾಣವೆನಿಸಿಕೊಂಡವು.

ಹದಿನಾರನೆಯ ಶತಮಾನದ ಆರಂಭದಲ್ಲಿ ಲಿಯೊನಾರ್ಡೊ ಡ ವಿಂಚಿ ಶವಗಳನ್ನು ತಾನೇ ಛೇದಿಸಿ ನೋಡಿ ಚಿತ್ರಿಸಿದನು. ಎಲುಬಿನ ಮೇಲೆ ಸ್ನಾಯುಗಳ ಬದಲು ದಾರಗಳನ್ನು ಬರೆದು, ಯಾವ ಸ್ನಾಯು ಯಾವ ದಿಕ್ಕಿಗೆ ಎಳೆಯುವುದೆಂದು ತೋರಿಸಿದ ಅವನ ಉಪಾಯ ಅಪೂರ್ವವಾದುದು. ಆ ಹಾಳೆಗಳು ಅವನ ಕಾಲದಲ್ಲಿ ಅಚ್ಚಾಗಲಿಲ್ಲ. ಇಂದು ಅವು ನಮಗೆ ಸಮೀಪದ ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿವೆ.

ಬದಲಾವಣೆ ತಂದದ್ದು 1543ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ ಆಂಡ್ರಿಯಾಸ್ ವೆಸಾಲಿಯಸ್‌ನ ಬೃಹದ್ಗ್ರಂಥ. ಪಡುವಾದಲ್ಲಿ ಅಧ್ಯಾಪಕನಾಗಿದ್ದ ಅವನಿಗೆ ಆಗಿನ್ನೂ 28 ವರ್ಷ. ಅಂದಿನ ರೂಢಿಯಲ್ಲಿ ಅಧ್ಯಾಪಕರು ಎತ್ತರದ ಪೀಠದಲ್ಲಿ ಕುಳಿತು ಗೇಲೆನ್‌ನ ಗ್ರಂಥ ಓದುತ್ತಿದ್ದರು; ಕೆಳಗೆ ಸಹಾಯಕನೊಬ್ಬ ಕತ್ತಿ ಹಿಡಿಯುತ್ತಿದ್ದನು. ವೆಸಾಲಿಯಸ್ ಪೀಠದಿಂದ ಕೆಳಗಿಳಿದು ಕತ್ತಿಯನ್ನು ತಾನೇ ಹಿಡಿದನು. ಅವನ ಗ್ರಂಥದ ‘ಸ್ನಾಯುಪುರುಷರು’ ಪಡುವಾದ ಬಯಲಿನ ಮುಂದೆ ಜೀವಂತರಂತೆ ನಿಂತಿದ್ದಾರೆ. ಪುಟ ತಿರುವಿದಂತೆ ಒಂದೊಂದು ಪದರ ಕಳಚಿ, ಆಳದ ಸ್ನಾಯುಗಳು ಕಾಣಿಸಿಕೊಳ್ಳುತ್ತವೆ. ಒಂದು ಪುಟದಲ್ಲಂತೂ ಆ ದೇಹವನ್ನು ನಿಲ್ಲಿಸಲು ತೂಗುಹಾಕಿದ ಹಗ್ಗವೂ ಕಾಣುತ್ತದೆ. ಆ ವರ್ಷವೇ ಬಾಸೆಲ್‌ನಲ್ಲಿ ಅವನು ಛೇದಿಸಿ ತೋರಿಸಿದ್ದು ಮರಣದಂಡನೆಗೊಳಗಾದ ಅಪರಾಧಿಯೊಬ್ಬನ ದೇಹವನ್ನು. ಆ ಅಸ್ಥಿಪಂಜರ ಇಂದಿಗೂ ಆ ಊರಿನ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮ ಮಕ್ಕಳಿಗೆ ಹಿಡಿಸಬಹುದಾದ ಚಿತ್ರವೊಂದು 1747ರದು. ಲೈಡನ್ನಿನ ಆಲ್ಬಿನಸ್ ಪ್ರಕಟಿಸಿದ ಸ್ನಾಯುಪಟಗಳಲ್ಲಿ ಮನುಷ್ಯಾಕೃತಿಯ ಹಿಂದೆ ಘೇಂಡಾಮೃಗವೊಂದು ಹುಲ್ಲು ಮೇಯುತ್ತ ನಿಂತಿದೆ. ಭಾರತದಿಂದ 1741ರಲ್ಲಿ ಹಾಲೆಂಡಿಗೆ ಹಡಗಿನಲ್ಲಿ ಬಂದ ಕ್ಲಾರಾ ಎಂಬ ಘೇಂಡಾಮೃಗ ಅದು. ಹೆಸರುಗಳಲ್ಲಿಯೂ ಇಂಥ ಸ್ವಾರಸ್ಯಗಳಿವೆ. ‘ಮಸಲ್’ ಎಂಬುದರ ಮೂಲ ಲ್ಯಾಟಿನ್ನಿನ ‘ಪುಟ್ಟ ಇಲಿ’. ಚಕ್ಕಳಮಕ್ಕಳ ಹಾಕಿ ಕೂರಲು ನೆರವಾಗುವ ತೊಡೆಯ ‘ಸಾರ್ಟೋರಿಯಸ್’ ಎಂದರೆ ದರ್ಜಿಯವನ ಸ್ನಾಯು. ಅವನು ಹಾಗೆ ಕುಳಿತು ಹೊಲಿಯುತ್ತಿದ್ದನಲ್ಲವೇ! ಕಾಲಿನ ಹಿಂಭಾಗವನ್ನು ‘ಮೀನಖಂಡ’ ಎಂದು ಕರೆದ ಕನ್ನಡಿಗರ ಕಣ್ಣೂ ಕಡಿಮೆಯದಲ್ಲ.

ಚಲನೆಯ ಗುಟ್ಟು

ಶವದಲ್ಲಿ ಸ್ನಾಯುವಿನ ಸ್ಥಾನ ತಿಳಿಯುತ್ತದೆ, ಚಲನೆ ತಿಳಿಯುವುದಿಲ್ಲ. ನರಗಳ ಮೂಲಕ ಯಾವುದೋ ಸೂಕ್ಷ್ಮ ವಾಯು ಹರಿದುಬಂದು ಸ್ನಾಯುವನ್ನು ಉಬ್ಬಿಸುವುದೆಂದು ಬಹುಕಾಲ ನಂಬಲಾಗಿತ್ತು. ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನ ಸ್ವಾಮರ್‌ಡಾಮ್ ಕಪ್ಪೆಯ ಸ್ನಾಯುವನ್ನು ಗಾಜಿನ ನಳಿಗೆಯಲ್ಲಿ ಮುಚ್ಚಿಟ್ಟು, ನಳಿಗೆಯ ಕಿರಿದಾದ ತುದಿಯಲ್ಲಿ ಒಂದು ನೀರಿನ ಹನಿಯನ್ನು ನಿಲ್ಲಿಸಿದನು. ನರವನ್ನು ಕೆಣಕಿದಾಗ ಸ್ನಾಯು ಕುಗ್ಗಿತು, ಹನಿ ಮಾತ್ರ ಮೇಲೇರಲಿಲ್ಲ. ಒಳಗೆ ಏನಾದರೂ ತುಂಬಿಕೊಂಡಿದ್ದರೆ ಅದು ಏರಬೇಕಾಗಿತ್ತು. ನೂರಾರು ವರ್ಷಗಳ ನಂಬಿಕೆಯನ್ನು ಒಂದು ಹನಿ ನೀರು ಅಲುಗಿಸಿತು.

ಇಟಲಿಯ ಬೊರೆಲ್ಲಿ ಗಣಿತಜ್ಞ. ಅವನ ಮರಣಾನಂತರ, 1680–81ರಲ್ಲಿ ಪ್ರಕಟವಾದ ಗ್ರಂಥವು ಎಲುಬುಗಳನ್ನು ಸನ್ನೆಕೋಲುಗಳಂತೆ ಕಂಡು ಲೆಕ್ಕ ಹಾಕಿತು. ಅಂಗಡಿಯಿಂದ 5 ಕಿಲೋ ಅಕ್ಕಿಯ ಚೀಲ ತಂದು, ಮೊಣಕೈ ಮಡಿಸಿ ಹಿಡಿದು ನಿಂತಿದ್ದೀರೆಂದು ಭಾವಿಸಿ. ತೋಳಿನ ಬೈಸೆಪ್ಸ್ ಸ್ನಾಯು ಮೊಣಕೈಯಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿಯೇ ಎಲುಬಿಗೆ ಅಂಟಿಕೊಂಡಿದೆ. ಚೀಲವಿರುವುದು ಅದರ ಏಳೆಂಟು ಪಟ್ಟು ದೂರದಲ್ಲಿ. ಆದುದರಿಂದ ತೋಳು ಎಳೆಯಬೇಕಾದ ಬಲವೂ ಚೀಲದ ತೂಕದ ಏಳೆಂಟು ಪಟ್ಟು. ದೇಹವು ಅಲ್ಪ ಬಲದಿಂದ ದೊಡ್ಡ ಭಾರ ಎತ್ತುತ್ತದೆಂಬ ಹಳೆಯ ಊಹೆಗೆ ಇದು ನೇರ ವಿರುದ್ಧ. ಭಾರವಾದ ಚೀಲವನ್ನು ಮೈಗೆ ಆತುಕೊಂಡು ಹಿಡಿಯಿರೆಂದು ವೈದ್ಯರು ಹೇಳುವುದರ ಹಿಂದೆ ಇದೇ ಲೆಕ್ಕವಿದೆ.

ಬೊಲೊನ್ಯದ ಗಾಲ್ವಾನಿ 1791ರಲ್ಲಿ ಕಪ್ಪೆಯ ಕಾಲುಗಳ ಮೇಲಿನ ಪ್ರಯೋಗಗಳನ್ನು ಪ್ರಕಟಿಸಿ, ಸ್ನಾಯುವಿನ ಚಲನೆಗೂ ವಿದ್ಯುತ್ತಿಗೂ ಇರುವ ನಂಟನ್ನು ಮುಂದಿಟ್ಟನು. ಆ ವಿದ್ಯುತ್ತನ್ನು ಜೀವಂತ ಮನುಷ್ಯರ ಮೇಲೆ ಪ್ರಯೋಗಿಸಿ ಒಂದೊಂದು ಸ್ನಾಯುವನ್ನೂ ‘ಮಾತನಾಡಿಸಿದವನು’ ಪ್ಯಾರಿಸ್ಸಿನ ಡುಶೆನ್. ನಿಜವಾದ ನಗೆಯಲ್ಲಿ ತುಟಿಯಂಚು ಮೇಲೇರುವುದರ ಜೊತೆಗೆ ಕಣ್ಣಿನ ಸುತ್ತಲಿನ ಸ್ನಾಯುವೂ ಕುಗ್ಗುತ್ತದೆ, ಬಲವಂತದ ನಗೆಯಲ್ಲಿ ಕುಗ್ಗುವುದಿಲ್ಲ ಎಂದು 1862ರಲ್ಲಿ ಛಾಯಾಚಿತ್ರಗಳೊಡನೆ ತೋರಿಸಿದನು. 1867ರ ಗ್ರಂಥದಲ್ಲಿ ಅವನು ಇನ್ನೂ ದೊಡ್ಡ ಮಾತೊಂದನ್ನು ಸ್ಥಾಪಿಸಿದನು: ಯಾವ ಚಲನೆಯಲ್ಲಿಯೂ ಸ್ನಾಯು ಒಂಟಿಯಾಗಿ ದುಡಿಯುವುದಿಲ್ಲ. ಕೈಯನ್ನು ತಲೆಯ ಮೇಲೆತ್ತುವಾಗ ಭುಜದ ಸ್ನಾಯು ಎತ್ತುತ್ತಿದ್ದರೆ, ಬೆನ್ನಿನ ಮತ್ತು ಪಕ್ಕೆಯ ಸ್ನಾಯುಗಳು ಹೆಗಲಮೂಳೆಯನ್ನು ತಿರುಗಿಸಿ ದಾರಿಮಾಡಿಕೊಡುತ್ತವೆ. ಯಾವುದಾದರೂ ಒಂದು ನಿಂತರೂ ಕೈ ಅರ್ಧಕ್ಕೆ ಉಳಿಯುತ್ತದೆ. ರೋಗಿಯ ಕಾಯಿಲೆಯೇ ಇಲ್ಲಿ ಅವನಿಗೆ ಪಾಠವಾಯಿತು.

ಕಡೆಯ ಗುಟ್ಟು ಬಿಚ್ಚಿಕೊಂಡದ್ದು 1954ರ ಮೇ ತಿಂಗಳಿನಲ್ಲಿ. ಆಂಡ್ರ್ಯೂ ಹಕ್ಸ್ಲಿ ಮತ್ತು ನೀಡರ್‌ಗರ್ಕೆ ಒಂದು ಕಡೆ, ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು ಕಡೆ, ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಒಂದೇ ಉತ್ತರ ಕೊಟ್ಟರು. ಹೆಸರು ಒಂದೇ ಆದರೂ ಆ ಇಬ್ಬರು ಹಕ್ಸ್ಲಿಗಳು ಬಂಧುಗಳಲ್ಲ. ಎರಡೂ ಕೈಗಳ ಬೆರಳುಗಳನ್ನು ಎದುರುಬದುರಾಗಿ ಹಿಡಿದು, ಒಂದರ ಸಂದಿಯಲ್ಲಿ ಇನ್ನೊಂದನ್ನು ಸರಿಸಿ ನೋಡಿ. ಬೆರಳುಗಳ ಉದ್ದ ಕಡಿಮೆಯಾಗಲಿಲ್ಲ, ಆದರೆ ಎರಡು ಅಂಗೈಗಳ ನಡುವಿನ ಅಂತರ ಕುಗ್ಗಿತು. ಸ್ನಾಯುವಿನೊಳಗಿನ ಎಳೆಗಳೂ ಹೀಗೆಯೇ ಒಂದರೊಳಗೊಂದು ಜಾರುತ್ತವೆ.

ಕೇಳದೆ ಪಡೆದ ದೇಹಗಳು

ಈ ಚರಿತ್ರೆಗೆ ಮತ್ತೊಂದು ಮುಖವಿದೆ. ಬ್ರಿಟನ್ನಿನ 1752ರ ಕಾಯಿದೆ ಗಲ್ಲಿಗೇರಿದ ಕೊಲೆಗಾರರ ದೇಹಗಳನ್ನು ಛೇದನಕ್ಕೆ ಒಪ್ಪಿಸಿತು. ಅದು ಶಿಕ್ಷೆಯ ಭಾಗವೇ ಆಗಿತ್ತು. ವಿದ್ಯಾರ್ಥಿಗಳು ಹೆಚ್ಚಿದಂತೆ ಆ ದೇಹಗಳು ಸಾಲದೆ ಸಮಾಧಿಗಳಿಂದ ಶವಗಳನ್ನು ಕದಿಯುವ ದಂಧೆ ಬೆಳೆಯಿತು. 1828ರಲ್ಲಿ ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ಹದಿನಾರು ಮಂದಿಯನ್ನು ಕೊಂದು, ದೇಹಗಳನ್ನು ಅಂಗರಚನಾಶಾಸ್ತ್ರದ ಅಧ್ಯಾಪಕರೊಬ್ಬರಿಗೆ ಮಾರಿದ್ದು ಬಯಲಾಯಿತು. ಗಲ್ಲಿಗೇರಿದ ಬರ್ಕ್‌ನ ದೇಹವನ್ನೂ ಛೇದಿಸಲಾಯಿತು. ಅವನ ಅಸ್ಥಿಪಂಜರ ಇಂದಿಗೂ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿದೆ. 1832ರ ಕಾಯಿದೆ ಕಳ್ಳತನವನ್ನು ನಿಲ್ಲಿಸಿತು. ಆದರೆ ಬಡವರ ವಸತಿಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಸತ್ತು, ವಾರಸುದಾರರಿಲ್ಲದೆ ಉಳಿದ ದೇಹಗಳನ್ನು ಕಾಲೇಜುಗಳ ಪಾಲು ಮಾಡಿತು. ಕೊಲೆಗಾರನಿಗಿದ್ದ ಶಿಕ್ಷೆ ಬಡವನಿಗೆ ಬಂದಿತೆಂದು ಅಂದಿನ ಜನ ನೊಂದುಕೊಂಡರು.

ಅದರ ಬೆನ್ನಿಗೇ, 1835ರಲ್ಲಿ, ಕಲ್ಕತ್ತೆಯಲ್ಲಿ ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. 1836ರಲ್ಲಿ, ಆಯುರ್ವೇದ ಪಂಡಿತರಾಗಿದ್ದ ಮಧುಸೂದನ ಗುಪ್ತರು ಜಾತಿಯ ಕಟ್ಟಳೆಗಳನ್ನು ಮೀರಿ ಅಲ್ಲಿ ಶವಚ್ಛೇದನ ನಡೆಸಿದರು. ಸುಶ್ರುತನ ಕಾಲದಿಂದ ಕಡಿದುಹೋಗಿದ್ದ ಎಳೆಯೊಂದು ಹೀಗೆ ಮತ್ತೆ ಕೂಡಿಕೊಂಡಿತು. ನಮ್ಮ ನಾಡಿನಲ್ಲಿ 1924ರಲ್ಲಿ ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು ಆರಂಭವಾಯಿತು. 1957ರ ಅಂಗರಚನಾ ಕಾಯಿದೆಯು ವಾರಸುದಾರರಿಲ್ಲದ ದೇಹಗಳನ್ನು ಕಾಲೇಜುಗಳಿಗೆ ಒಪ್ಪಿಸಲು ಅವಕಾಶ ಮಾಡಿತು.

ನಮ್ಮ ಟೇಬಲ್ ಮೇಲಿದ್ದವರು ಅಂಥವರಲ್ಲಿ ಒಬ್ಬರು. ಫಾರ್ಮಲಿನ್ನಿನ ಉರಿಗೆ ಕಣ್ಣೀರು ಒರೆಸಿಕೊಳ್ಳುತ್ತ, ಹತ್ತು ಮಂದಿ ಒಂದು ಪುಸ್ತಕ ತೆರೆದಿಟ್ಟುಕೊಂಡು ನಿಂತಿರುತ್ತಿದ್ದೆವು. ಆ ಮನುಷ್ಯರ ಹೆಗಲಿನ ಟ್ರೆಪೀಜಿಯಸ್ ಸ್ನಾಯು ಬೇರೆ ಟೇಬಲ್‌ಗಳಲ್ಲಿದ್ದುದಕ್ಕಿಂತ ದಪ್ಪವಾಗಿದ್ದಿತು. ಅಧ್ಯಾಪಕರು ಬೇರೆ ತಂಡದವರನ್ನೂ ಕರೆದು ಅದನ್ನು ತೋರಿಸುತ್ತಿದ್ದರು. ಬದುಕೆಲ್ಲ ಮೂಟೆ ಹೊತ್ತವರಿರಬೇಕೆಂದು ನಮ್ಮ ನಮ್ಮಲ್ಲಿ ಮಾತನಾಡಿಕೊಂಡೆವು. ಬಲ ಮುಂಗೈಯ ಮೇಲೆ ಒಂದು ಹೆಸರಿನ ಹಚ್ಚೆಯಿತ್ತು, ಕನ್ನಡ ಅಕ್ಷರಗಳಲ್ಲಿ. ಆ ಹೆಸರು ಯಾರದಿರಬಹುದೆಂದು ಯಾರೂ ಕೇಳಲಿಲ್ಲ. ಮುಂಗೈಯ ಪಾಠದ ದಿನ ಚರ್ಮದೊಡನೆ ಆ ಅಕ್ಷರಗಳನ್ನೂ ಬಿಡಿಸಿ ಪಕ್ಕಕ್ಕಿಟ್ಟೆವು. ವೈವಾದಲ್ಲಿ ನಮಗೆ ಮುಂಗೈಯೇ ಬಂದಿತು. ಒಂದೂ ತಪ್ಪದೆ ಹೇಳಿ ಪಾಸಾದೆವು.

ಕೊಟ್ಟ ದೇಹಗಳು

ಕಾಲ ಬದಲಾಗುತ್ತಿದೆ. 2010ರಲ್ಲಿ ಬೆಳಗಾವಿಯಲ್ಲಿ ವೈದ್ಯ ಅಧ್ಯಾಪಕರೊಬ್ಬರು, ವೈದ್ಯರೇ ಆಗಿದ್ದ ತಮ್ಮ ತಂದೆಯವರ ಇಚ್ಛೆಯಂತೆ, ಅವರು ದಾನ ಮಾಡಿದ್ದ ದೇಹವನ್ನು ವಿದ್ಯಾರ್ಥಿಗಳ ಮುಂದೆ ಸ್ವತಃ ಛೇದಿಸಿ ಪಾಠ ಮಾಡಿದರು. ಹೆಸರಿಲ್ಲದ ದೇಹಗಳಿಂದ ಕಲಿತ ನಮಗೆ ಅದು ಬಹಳ ದೊಡ್ಡ ಕೆಲಸವಾಗಿ ಕಾಣುತ್ತದೆ.

ಇಲ್ಲಿ ಇಂಗ್ಲೆಂಡಿನಲ್ಲಿ, 2004ರ ಮಾನವ ಅಂಗಾಂಶ ಕಾಯಿದೆಯಂತೆ, ದೇಹದಾನದ ಒಪ್ಪಿಗೆಯನ್ನು ವ್ಯಕ್ತಿಯೇ ಬದುಕಿರುವಾಗ ಸಾಕ್ಷಿಯ ಸಮಕ್ಷಮ ಬರೆದುಕೊಡಬೇಕು. ಸತ್ತ ಮೇಲೆ ಮನೆಯವರು ಕೊಡುತ್ತೇವೆಂದರೂ ನಡೆಯದು. ಅಂಗಾಂಗ ದಾನದ ನೋಂದಣಿ ಬೇರೆ, ಇದು ಬೇರೆ. 2020ರಿಂದ ಬಂದಿರುವ ಅಂಗಾಂಗ ದಾನದ ಹೊಸ ನಿಯಮ ಇದಕ್ಕೆ ಅನ್ವಯಿಸುವುದಿಲ್ಲ.

ಅರ್ಜಿಯನ್ನು ನಾವು ತರಿಸಿಕೊಂಡಿದ್ದೇವೆ. ಇನ್ನೂ ಸಹಿ ಹಾಕಿಲ್ಲ. ಫೋನಿನಲ್ಲಿ ವಿಷಯ ತಿಳಿಸಿದಾಗ ಊರಿನಲ್ಲಿರುವ ನಮ್ಮ ತಾಯಿಯವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಮತ್ತೆ ನಿನ್ನ ಬೂದಿ ಯಾರು ಬಿಡ್ತಾರೆ?” ಎಂದರು. ಅಧ್ಯಯನ ಮುಗಿದ ಮೇಲೆ ಕಾಲೇಜಿನವರೇ ದಹನ ಮಾಡಿಸುತ್ತಾರೆ, ಕೇಳಿಕೊಂಡರೆ ಬೂದಿಯನ್ನು ಮನೆಯವರಿಗೆ ಕೊಡುತ್ತಾರೆ ಎಂದೆವು. “ಅಲ್ಲಿವರೆಗೆ ಮಕ್ಕಳು ಕಾಯಬೇಕಲ್ಲ” ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿಲ್ಲ; ಕಾಯಬೇಕಾದ ನಮ್ಮ ಮಕ್ಕಳನ್ನೇ ಕೇಳಬೇಕು. ಎಲ್ಲರೂ ಸಹಿ ಹಾಕಿರೆಂದು ನಾವು ಹೇಳುತ್ತಿಲ್ಲ. ಬೇಡವೆನಿಸಿದರೆ ಅದೂ ಗೌರವಕ್ಕೆ ಅರ್ಹವಾದ ತೀರ್ಮಾನವೇ. ಬೇಕೆಂದಾಗಲಿ ಬೇಡವೆಂದಾಗಲಿ ಹೇಳುವ ಅವಕಾಶ ನಮ್ಮ ಟೇಬಲ್ ಮೇಲಿದ್ದವರಿಗೆ ಸಿಕ್ಕಿರಲಿಲ್ಲ. ನಮಗೆ ಸಿಕ್ಕಿದೆ, ಆದ್ದರಿಂದ ಒಂದು ಸಂಜೆ ಮನೆಯಲ್ಲಿ ಈ ಮಾತು ಬರಲಿ ಎಂಬುದಷ್ಟೇ ನಮ್ಮ ಕೋರಿಕೆ.

ಆ ಹುಡುಗಿಗೆ ಅವರ ಹೆಸರು ನಮಗೆ ಗೊತ್ತಿಲ್ಲವೆಂದು ತಿಳಿಸಿದ್ದೇವೆ. ಮುಂಗೈಯ ಸ್ನಾಯುಗಳನ್ನು ನೆನಪಿಡುವ ಬಗೆಯನ್ನು ಹೇಳಿಕೊಡಲು ಬರುವ ಭಾನುವಾರ ಅವಳನ್ನು ಮನೆಗೆ ಕರೆದಿದ್ದೇವೆ. ಅದನ್ನು ನಮಗೆ ಕಲಿಸಿದವರ ಹೆಗಲು ಮತ್ತು ಹಚ್ಚೆಯ ವಿಷಯವನ್ನೂ ಅಂದೇ ಹೇಳುವೆವು.