ಕಂಪ್ಯೂಟರ್ ದೃಶ್ಯವನ್ನು ಸೆರೆಹಿಡಿಯುವ ಕಾರ್ಡುಗಳು: ವಿಜಿಎಯಿಂದ ಎಚ್‌ಡಿಎಂಐವರೆಗೆ

ಕಂಪ್ಯೂಟರ್ ತನ್ನ ವಿಡಿಯೊ ಪೋರ್ಟಿನಿಂದ ಹೊರಗೆ ಕಳಿಸುವ ಚಿತ್ರ ಮಾನಿಟರ್ ಮೇಲೆ ಒಮ್ಮೆ ಮೂಡಿ ಮರೆಯಾಗುತ್ತದೆ. ಸೆಕೆಂಡಿಗೆ ಸುಮಾರು 60 ಸಲ ಹೊಸದಾಗಿ ಬರುವ ಆ ಚಿತ್ರವನ್ನು ಕೇಬಲ್ಲಿನ ತುದಿಯಲ್ಲೇ ತಡೆದು, ಅಂಕಿಗಳಾಗಿಸಿ, ಇನ್ನೊಂದು ಕಂಪ್ಯೂಟರಿನ ಮೆಮೊರಿಗೆ ತಲುಪಿಸುವ ಉಪಕರಣವೇ ವಿಡಿಯೊ ಕ್ಯಾಪ್ಚರ್ ಕಾರ್ಡ್. ಚಿತ್ರ ಕಳಿಸುವ ಕಂಪ್ಯೂಟರಿಗೆ ಇದರ ಗುಟ್ಟು ತಿಳಿಯುವುದಿಲ್ಲ. ಅದರ ಲೆಕ್ಕದಲ್ಲಿ ಆಚೆ ತುದಿಯಲ್ಲಿರುವುದು ಮಾಮೂಲಿ ಮಾನಿಟರ್. ಹೀಗೆ ಮಾನಿಟರಿನ ವೇಷ ಹಾಕುವ ಕೆಲಸ ಎಷ್ಟು ಕಷ್ಟದ್ದೆಂಬುದು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ, ಈ ಕಾರ್ಡುಗಳ ವಿನ್ಯಾಸವೂ ಅದರ ಜೊತೆಗೇ ಬದಲಾಗಿದೆ.

ಕಾರ್ಡುಗಳು ಬರುವ ಮುಂಚೆ ಇದ್ದ ದಾರಿ ಪರದೆಯ ಎದುರು ಕ್ಯಾಮೆರಾ ಇಡುವುದು. ಸಿನಿಮಾ ಕ್ಯಾಮೆರಾ ಸೆಕೆಂಡಿಗೆ 24 ಚೌಕಟ್ಟು ತೆಗೆಯುತ್ತದೆ, ಮಾನಿಟರ್ 60 ಸಲ ಚಿತ್ರ ಬರೆಯುತ್ತದೆ. ಎರಡೂ ಹೊಂದದ ಕಾರಣ ಪರದೆಯ ಮೇಲೆ ಕಪ್ಪು ಪಟ್ಟಿಯೊಂದು ತೆವಳುತ್ತಿರುತ್ತಿತ್ತು. ಮನೆ, ಶಾಲೆಗಳಲ್ಲಿದ್ದ ಆರಂಭದ ಕಂಪ್ಯೂಟರುಗಳಿಗೆ ಈ ಪಾಡು ಇರಲಿಲ್ಲ. ಕಮೊಡೋರ್ 64 ಆಗಲಿ, 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಡಿ ಭಾರತದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊ ಆಗಲಿ ಟಿವಿಗೆ ಒಪ್ಪುವ ಸಂಕೇತವನ್ನೇ ಕೊಡುತ್ತಿದ್ದುದರಿಂದ ಮಾಮೂಲಿ ವಿಸಿಆರ್ ಸಾಕಾಗುತ್ತಿತ್ತು. ಅದೇ ಕಾಲದಲ್ಲಿ, 1985ರಲ್ಲಿ, ನೆದರ್ಲೆಂಡ್ಸಿನ ಸಂಶೋಧಕ ವಿಮ್ ವಾನ್ ಎಕ್ ಮಾನಿಟರ್ ಸೂಸುವ ರೇಡಿಯೊ ಅಲೆಗಳನ್ನೇ ಹಿಡಿದು, ದೂರದಲ್ಲಿ ಟಿವಿಯೊಂದರ ಮೇಲೆ ಅದರ ಚಿತ್ರ ಮೂಡಿಸಬಹುದೆಂದು ತೋರಿಸಿದ. ಕೇಬಲ್ಲೇ ಇಲ್ಲದ ಸೆರೆ ಅದು. ಆದರೆ ಅದರ ಬಗ್ಗೆ ತಲೆಕೆಡಿಸಿಕೊಂಡವರು ಭದ್ರತಾ ಇಲಾಖೆಗಳವರೇ ಹೊರತು ವಿಡಿಯೊ ಮಾಡುವವರಲ್ಲ.

ಟಿವಿಯ ನಂಟು ಕಡಿದದ್ದು 1987ರಲ್ಲಿ. ಐಬಿಎಂ ಆ ವರ್ಷ ತಂದ ವಿಜಿಎ ಸೆಕೆಂಡಿಗೆ ಸುಮಾರು 31,500 ಗೆರೆಗಳನ್ನು ಬರೆಯುತ್ತಿತ್ತು. ಪಾಲ್ ಪದ್ಧತಿಯ ಟಿವಿ ಬರೆಯುತ್ತಿದ್ದುದು 15,625. ನಡುವೆ ಸ್ಕ್ಯಾನ್ ಕನ್ವರ್ಟರ್ ಎಂಬ ಡಬ್ಬಿ ಬಂತು. ಅದು ವಿಜಿಎ ಚಿತ್ರವನ್ನು ಟಿವಿಯ ವೇಗಕ್ಕೆ ಇಳಿಸಿ, ಬೆಸ ಗೆರೆಗಳನ್ನೂ ಸಮ ಗೆರೆಗಳನ್ನೂ ಬೇರೆ ಮಾಡಿ ಸರದಿಯಲ್ಲಿ ಕಳಿಸುತ್ತಿತ್ತು. ಒಂದೇ ಪಿಕ್ಸೆಲ್ ದಪ್ಪದ ಅಡ್ಡಗೆರೆ ಹೀಗೆ ಕಳಿಸಿದಾಗ ಸೆಕೆಂಡಿಗೆ 25 ಸಲ ಮಾತ್ರ ಕಾಣಿಸಿಕೊಂಡು ಕಣ್ಣು ಕುಕ್ಕುವಂತೆ ಮಿನುಗುತ್ತದೆ. ಮಿನುಗು ತಗ್ಗಿಸಲು ಅಕ್ಕಪಕ್ಕದ ಗೆರೆಗಳನ್ನು ಬೆರೆಸಬೇಕಿತ್ತು. ಬೆರೆಸಿದರೆ ಅಕ್ಷರಗಳು ಮಂಕಾಗುತ್ತಿದ್ದವು. ಆ ಕಾಲದ ತರಬೇತಿ ವಿಡಿಯೊಗಳಲ್ಲಿ ಮೆನುಗಳು ಓದಲಾಗದಂತಿರುವುದಕ್ಕೆ ಇದೇ ಕಾರಣ.

ಟಿವಿ ಸಂಕೇತವನ್ನು ಕಂಪ್ಯೂಟರಿಗೆ ತುಂಬುವ ಕೆಲಸ ಬೇರೊಂದು ದಿಕ್ಕಿನಿಂದ ಬೆಳೆಯಿತು. 1986ರಲ್ಲಿ ಅಮಿಗಾ ಕಂಪ್ಯೂಟರಿಗೆ ಬಂದ ಡಿಜಿ-ವ್ಯೂ ಎಂಬ ಉಪಕರಣದಲ್ಲಿ ಬಣ್ಣದ ಚಿತ್ರ ಹಿಡಿಯಲು ಕಪ್ಪು-ಬಿಳುಪು ಕ್ಯಾಮೆರಾದ ಮುಂದೆ ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳ ಚಕ್ರ ತಿರುಗಿಸಿ ಮೂರು ಸಲ ನೋಡಬೇಕಿತ್ತು. ಚಲಿಸುವ ಚಿತ್ರಕ್ಕೆ ಅಡ್ಡಿಯಾಗಿದ್ದು ಕಂಪ್ಯೂಟರಿನೊಳಗಿನ ದಾರಿ. 640×480 ಅಳತೆಯ ಚಿತ್ರವನ್ನು ಪಿಕ್ಸೆಲ್ಲಿಗೆ ಮೂರು ಬೈಟಿನಂತೆ ಸೆಕೆಂಡಿಗೆ 25 ಸಲ ಸಾಗಿಸಲು 23 ಮೆಗಾಬೈಟ್ ಬೇಕು. ಹಳೆಯ ಐಎಸ್‌ಎ ಬಸ್ಸಿಗೆ ಅದು ಎಟುಕದ ಮಾತು. 1992ರಲ್ಲಿ ಮೈಕ್ರೊಸಾಫ್ಟ್ ವಿಡಿಯೊ ಫಾರ್ ವಿಂಡೋಸ್ ತಂದಾಗ ಅಂಚೆಚೀಟಿಯಷ್ಟು ಕಿಟಕಿಯಲ್ಲಿ ಕುಂಟುವ ಚಿತ್ರವೇ ಅಚ್ಚರಿಯಾಗಿದ್ದುದು ಇದರಿಂದ. ಸೆಕೆಂಡಿಗೆ 133 ಮೆಗಾಬೈಟ್ ಹೊರಬಲ್ಲ ಪಿಸಿಐ ಬಸ್ ಬಂದ ಮೇಲೆ ಗಂಟು ಬಿಚ್ಚಿತು. ಬ್ರೂಕ್‌ಟ್ರೀ ಕಂಪನಿಯ ಬಿಟಿ848, ಆಮೇಲೆ ಬಿಟಿ878 ಚಿಪ್‌ಗಳು ಪ್ರೊಸೆಸರನ್ನು ಕಾಯಿಸದೆ ನೇರವಾಗಿ ಮೆಮೊರಿಗೆ ಚಿತ್ರ ಬರೆಯುತ್ತಿದ್ದವು. ಭಾರತದ ಮನೆಗಳಲ್ಲಿ ಕೇಬಲ್ ಟಿವಿಯ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದ ಟಿವಿ ಟ್ಯೂನರ್ ಕಾರ್ಡುಗಳಲ್ಲಿ ಅನೇಕವು ಈ ಚಿಪ್ಪಿನವೇ. ಆದರೂ ಇವು ಹಿಡಿಯುತ್ತಿದ್ದುದು ಟಿವಿ ಸಂಕೇತವನ್ನು. ಕಂಪ್ಯೂಟರ್ ಪರದೆ ಬೇಕೆಂದರೆ ಸ್ಕ್ಯಾನ್ ಕನ್ವರ್ಟರ್ ಮೂಲಕ ಮಂಕಾಗಿಯೇ ಬರಬೇಕಿತ್ತು.

ವಿಜಿಎ ಸಂಕೇತವನ್ನು ನೇರವಾಗಿ ಹಿಡಿಯುವುದು ಈ ಇಡೀ ಚರಿತ್ರೆಯಲ್ಲಿ ಅತ್ಯಂತ ನಾಜೂಕಿನ ಕೆಲಸ. ಹದಿನೈದು ಪಿನ್ನಿನ ಆ ಕೇಬಲ್ಲಿನಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದು ತಂತಿ, ತಲಾ 0.7 ವೋಲ್ಟಿನೊಳಗೆ ಏರಿಳಿಯುವ ಅಲೆ. ಗೆರೆ ಶುರುವಾಯಿತೆಂದು ಹೇಳಲು ಒಂದು ತಂತಿ, ಪುಟ ಶುರುವಾಯಿತೆಂದು ಹೇಳಲು ಇನ್ನೊಂದು. ಒಂದು ಪಿಕ್ಸೆಲ್ ಮುಗಿದು ಮುಂದಿನದು ಎಲ್ಲಿ ಶುರುವಾಗುತ್ತದೆಂದು ಹೇಳುವವರು ಯಾರೂ ಇಲ್ಲ. ಹಳೆಯ ಗಾಜಿನ ಮಾನಿಟರಿಗೆ ಅದು ಬೇಕಾಗಿಯೂ ಇರಲಿಲ್ಲ, ಎಲೆಕ್ಟ್ರಾನ್ ಕಿರಣ ಅಲೆಯನ್ನು ಹಾಗೆಯೇ ಹಿಂಬಾಲಿಸುತ್ತಿತ್ತು. ಕಾರ್ಡಿಗೆ ಮಾತ್ರ ಎಣಿಕೆ ಬೇಕೇ ಬೇಕು. 640×480 ಚಿತ್ರದಲ್ಲಿ ಒಂದು ಗೆರೆಗೆ ನಿಜವಾಗಿ 800 ಪಿಕ್ಸೆಲ್‌ಗಳ ಸಮಯವಿದೆ, ಪುಟಕ್ಕೆ 525 ಗೆರೆಗಳಿವೆ. ಉಳಿದದ್ದು ಕಿರಣ ಹಿಂದಿರುಗಲು ಬಿಟ್ಟ ಖಾಲಿ ಜಾಗ. ಕಾರ್ಡು ಗೆರೆಯ ಅವಧಿಯನ್ನು ಅಳೆದು, ಗೆರೆಗಳನ್ನು ಎಣಿಸಿ, ತನ್ನ ಪಟ್ಟಿಯಲ್ಲಿ ಇದಕ್ಕೆ ಹೊಂದುವ ಅಳತೆ ಯಾವುದೆಂದು ಹುಡುಕಿ, ಸೆಕೆಂಡಿಗೆ 2.5 ಕೋಟಿಗೂ ಹೆಚ್ಚು ಸಲ ಮಿಡಿಯುವ ಗಡಿಯಾರವನ್ನು ತಾನೇ ಕಟ್ಟಿಕೊಳ್ಳಬೇಕು.

ಊಹೆ ತಪ್ಪುವುದು ಸುಲಭ. 1024×768, 1280×768, 1360×768 ಮೂರರಲ್ಲೂ ಕಾಣುವ ಗೆರೆಗಳು ಅಷ್ಟೇ, ಗೆರೆಗಳ ವೇಗವೂ ಸೆಕೆಂಡಿಗೆ 48,000ದ ಆಸುಪಾಸು. ಒಂದನ್ನು ಇನ್ನೊಂದೆಂದು ಬಗೆದರೆ ವೃತ್ತ ಮೊಟ್ಟೆಯಾಗುತ್ತದೆ. ಅಳತೆ ಸರಿಯಾದರೂ ಗಡಿಯಾರದ ಮಿಡಿತ ಪಿಕ್ಸೆಲ್ಲಿನ ನಡುವೆ ಬೀಳದೆ ಎರಡರ ಗಡಿಯಲ್ಲಿ ಬಿದ್ದರೆ ಕಪ್ಪೂ ಬಿಳಿಯೂ ಬೆರೆತು ಬೂದುಬಣ್ಣವಾಗುತ್ತವೆ. ಒಂದು ಪಿಕ್ಸೆಲ್ ಕಪ್ಪು, ಒಂದು ಬಿಳಿ ಎಂದು ನೇಯ್ದ ಚಿತ್ರವೊಂದನ್ನು ಪರದೆ ತುಂಬ ಹರಡಿ, ಅದು ಚೊಕ್ಕವಾಗಿ ಕಾಣುವವರೆಗೆ ಗಡಿಯಾರದ ಮಿಡಿತವನ್ನು ಅತ್ತಿತ್ತ ಸರಿಸುವುದು ಇದನ್ನು ಬಲ್ಲವರ ರೂಢಿ. ಕೆನಡಾದ ಎಪಿಫಾನ್, ಇಂಗ್ಲೆಂಡಿನ ಡೇಟಾಪಾತ್ ಮುಂತಾದ ಕಂಪನಿಗಳು ಹೆಸರು ಗಳಿಸಿದ್ದು ಈ ಊಹೆಯನ್ನು ತಾನಾಗಿ ಮಾಡುವ ಕಾರ್ಡುಗಳಿಂದ. ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ, ಕಾರ್ಖಾನೆಯ ನಿಯಂತ್ರಣ ಫಲಕದಂಥ ಹಳೆಯ ಉಪಕರಣಗಳು ಯಾವ ಪಟ್ಟಿಗೂ ಸೇರದ ಅಳತೆಗಳನ್ನು ಬಳಸುವುದುಂಟು. ಅಲ್ಲಿ ಇಂದಿಗೂ ಕೈಯಾರೆ ಹೊಂದಿಸದೆ ಗತಿಯಿಲ್ಲ. ಈ ಕಷ್ಟವನ್ನು ಸ್ವಲ್ಪ ಹಗುರ ಮಾಡಿದ್ದು ಇಡಿಐಡಿ. ಮಾನಿಟರ್ ತನಗೆ ಒಪ್ಪುವ ಅಳತೆಗಳನ್ನು ಕಂಪ್ಯೂಟರಿಗೆ ತಿಳಿಸುವ 128 ಬೈಟಿನ ಪರಿಚಯಪತ್ರ ಅದು. ಕಾರ್ಡು ತನಗೆ ಅನುಕೂಲವಾದ ಪತ್ರ ಕೊಟ್ಟರೆ ಕಂಪ್ಯೂಟರ್ ಅದಕ್ಕೆ ತಕ್ಕ ಚಿತ್ರವನ್ನೇ ಕಳಿಸುತ್ತದೆ.

1999ರ ಡಿವಿಐ, 2002ರ ಕೊನೆಗೆ ಬಂದ ಎಚ್‌ಡಿಎಂಐ ಈ ಊಹೆಯ ಅಗತ್ಯವನ್ನೇ ತೆಗೆದುಹಾಕಿದವು. ಅವುಗಳಲ್ಲಿ ಪಿಕ್ಸೆಲ್ ಅಂಕಿಯಾಗಿಯೇ ಬರುತ್ತದೆ, ಗಡಿಯಾರವೂ ಜೊತೆಗೇ ಬರುತ್ತದೆ. ಆದರೆ ತಾಂತ್ರಿಕ ಕಷ್ಟ ಕಳೆದಲ್ಲಿ ಅನುಮತಿಯ ಕಷ್ಟ ಹುಟ್ಟಿತು. ಇಂಟೆಲ್ ರೂಪಿಸಿದ ಎಚ್‌ಡಿಸಿಪಿ ಎಂಬ ಗೂಢಲಿಪಿ, ಎದುರಿಗಿರುವ ಉಪಕರಣ ಪರವಾನಗಿ ಪಡೆದದ್ದೆಂದು ಖಾತ್ರಿಯಾಗದೆ ಚಿತ್ರ ಬಿಡುವುದಿಲ್ಲ. ಕಾರ್ಡಿಗೆ ಸಿಗುವುದು ಕಪ್ಪು ಪರದೆ. ಸಿನಿಮಾ ನಕಲು ತಡೆಯಲೆಂದು ಬಂದ ಈ ಬೀಗ ಆಟವಾಡುವವರ ಕಾಲಿಗೂ ತೊಡರಿತು, ಏಕೆಂದರೆ ಪ್ಲೇಸ್ಟೇಷನ್ 3 ಆಟಕ್ಕೂ ಬೀಗ ಹಾಕಿಯೇ ಚಿತ್ರ ಕಳಿಸುತ್ತಿತ್ತು. 2008ರಲ್ಲಿ ಬಂದ ಹಾಪಾಜ್ ಎಚ್‌ಡಿ ಪಿವಿಆರ್ ಎಚ್‌ಡಿಎಂಐ ಗೊಡವೆಯನ್ನೇ ಬಿಟ್ಟು ಹಳೆಯ ಅನಲಾಗ್ ಕಾಂಪೊನೆಂಟ್ ಕೇಬಲ್ ಮೂಲಕ ಚಿತ್ರ ಪಡೆದು ಜನಪ್ರಿಯವಾದದ್ದರಲ್ಲಿ ಇದರ ಪಾಲೂ ಇದೆ. 2010ರಲ್ಲಿ ಎಚ್‌ಡಿಸಿಪಿಯ ಮೂಲ ಕೀಲಿ ಬಯಲಾಯಿತು. ಬೀಗವನ್ನು ಮಾತ್ರ ಯಾರೂ ತೆಗೆಯಲಿಲ್ಲ. ಪ್ಲೇಸ್ಟೇಷನ್ 4ರಲ್ಲಿ ಅದನ್ನು ಆಟದ ಮಟ್ಟಿಗೆ ಆರಿಸುವ ಆಯ್ಕೆ 2014ರಲ್ಲಿ ಬಂತು.

ಎಚ್‌ಡಿಎಂಐ ಜೊತೆಗೇ ಸಾಗಣೆಯ ಸಮಸ್ಯೆ ಹೊಸ ರೂಪದಲ್ಲಿ ಮರಳಿತು. 1920×1080 ಚಿತ್ರ ಸೆಕೆಂಡಿಗೆ 60 ಸಲ ಎಂದರೆ 373 ಮೆಗಾಬೈಟ್. ಯುಎಸ್‌ಬಿ 2.0ರ ಕಾಗದದ ಮೇಲಿನ ಗರಿಷ್ಠ ಮಿತಿಯೇ 60. ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯ ಇಂಟೆನ್ಸಿಟಿಯಂಥ ಕಾರ್ಡುಗಳು ಪಿಸಿಐ ಎಕ್ಸ್‌ಪ್ರೆಸ್ ಹಿಡಿದವು. ಹೊರಗೆ ಕೂರುವ ಡಬ್ಬಿಗಳು ಚಿತ್ರವನ್ನು ಅಲ್ಲೇ ಕುಗ್ಗಿಸಿ ಕಳಿಸುವ ದಾರಿ ಹಿಡಿದವು; 2012ರ ಎಲ್ಗಾಟೊ ಗೇಮ್ ಕ್ಯಾಪ್ಚರ್ ಎಚ್‌ಡಿ ಈ ಜಾತಿಯದು. ಕುಗ್ಗಿಸಲು ಸಮಯ ಹಿಡಿಯುತ್ತದೆ, ಆಟಗಾರ ಅಷ್ಟು ಹೊತ್ತು ಕಾಯಲಾರ. ಹಾಗಾಗಿ ಚಿತ್ರವನ್ನು ತಡಮಾಡದೆ ಟಿವಿಗೆ ದಾಟಿಸುವ ಇನ್ನೊಂದು ಕಿಂಡಿ ಇಂಥ ಡಬ್ಬಿಗಳಿಗೆ ಕಡ್ಡಾಯವಾಯಿತು. ಯುಎಸ್‌ಬಿ 3.0 ಬಂದ ಮೇಲೆ ಕುಗ್ಗಿಸದೆ ಕಳಿಸುವುದೂ ಸಾಧ್ಯವಾಯಿತು.

2020ರಲ್ಲಿ ಪಾಠಗಳೂ ಸಭೆಗಳೂ ಪರದೆಗೆ ಸರಿದಾಗ ಮಾರುಕಟ್ಟೆಗೆ ನುಗ್ಗಿದ್ದು ಹೆಬ್ಬೆರಳಿನ ಗಾತ್ರದ ಅಗ್ಗದ ಎಚ್‌ಡಿಎಂಐ ಡಾಂಗಲ್. ಒಳಗಿರುವುದು ಸಾಮಾನ್ಯವಾಗಿ ಮ್ಯಾಕ್ರೊಸಿಲಿಕಾನ್ ಕಂಪನಿಯ ಎಂಎಸ್2109 ಚಿಪ್. ಅದು ವೆಬ್‌ಕ್ಯಾಮೆರಾ ಎಂದು ಹೇಳಿಕೊಳ್ಳುವುದರಿಂದ ಡ್ರೈವರ್ ಬೇಕಿಲ್ಲ. ಡಬ್ಬದ ಮೇಲೆ 4ಕೆ ಎಂದು ದೊಡ್ಡದಾಗಿ ಬರೆದಿರುತ್ತದೆ. ಅದು ಒಳಬರುವ ಸಂಕೇತದ ಮಾತು. ಹೊರಗೆ ಬರುವುದು 1080 ಗೆರೆಗಳ, ಒಂದೊಂದು ಚೌಕಟ್ಟನ್ನೂ ಜೆಪೆಗ್ ಫೋಟೊದಂತೆ ಹಿಂಡಿದ ಚಿತ್ರ.

ಈ ಹಿಂಡುವಿಕೆಯ ಬೆಲೆ ಕನ್ನಡ ಪಠ್ಯದಲ್ಲಿ ಚೆನ್ನಾಗಿ ಕಾಣುತ್ತದೆ. ಕಣ್ಣು ಬಣ್ಣಕ್ಕಿಂತ ಬೆಳಕನ್ನು ಸೂಕ್ಷ್ಮವಾಗಿ ನೋಡುತ್ತದೆಂಬ ನೆಪದಲ್ಲಿ ಹಲವು ಕಾರ್ಡುಗಳು ಬೆಳಕನ್ನು ಪ್ರತಿ ಪಿಕ್ಸೆಲ್ಲಿಗೂ ಬಣ್ಣವನ್ನು ಎರಡಕ್ಕೋ ನಾಲ್ಕಕ್ಕೋ ಒಂದರಂತೆಯೂ ಉಳಿಸಿಕೊಳ್ಳುತ್ತವೆ. ಬಿಳಿ ಹಿನ್ನೆಲೆಯ ಕಪ್ಪಕ್ಷರಕ್ಕೆ ಇದರಿಂದ ಹೆಚ್ಚೇನೂ ಆಗುವುದಿಲ್ಲ. ನೀಲಿಯ ಮೇಲೆ ಕೆಂಪಿನಲ್ಲಿ ಸಣ್ಣದಾಗಿ ಬರೆದ ಕನ್ನಡ ಸಾಲಿನಲ್ಲಿ ಮಾತ್ರ ಒತ್ತಕ್ಷರಗಳು ಕಲೆಯಾಗಿ ಹರಡುತ್ತವೆ, ದೀರ್ಘದ ಕೊಂಡಿ ಹಿನ್ನೆಲೆಯಲ್ಲಿ ಕರಗುತ್ತದೆ.

ಅಷ್ಟರಲ್ಲಿ ಕಾರ್ಡೇ ಬೇಡವೆನ್ನುವ ತಂತ್ರಾಂಶಗಳೂ ಬೆಳೆದಿದ್ದವು. 1999ರ ಫ್ರಾಪ್ಸ್, 2012ರಲ್ಲಿ ಬಂದ ಓಬಿಎಸ್, 2013ರಲ್ಲಿ ಗ್ರಾಫಿಕ್ಸ್ ಚಿಪ್ಪಿನ ಎನ್‌ಕೋಡರನ್ನೇ ಬಳಸಿದ ಎನ್‌ವಿಡಿಯಾ ಶಾಡೊಪ್ಲೇ ಇವೆಲ್ಲ ಪರದೆಯನ್ನು ಯಂತ್ರದೊಳಗೇ ಹಿಡಿಯುತ್ತವೆ. ದಿನನಿತ್ಯದ ಬಳಕೆಗೆ ಇವು ಸಾಕು. ಆದರೆ ಆಪರೇಟಿಂಗ್ ಸಿಸ್ಟಂ ಏಳುವ ಮುಂಚಿನ ಬಯೋಸ್ ಪರದೆಯನ್ನಾಗಲಿ, ಅದು ಕುಸಿದಾಗಿನ ನೀಲಿ ಪರದೆಯನ್ನಾಗಲಿ ಅವು ಕಾಣಲಾರವು. ದೂರದ ಸರ್ವರನ್ನು ಕೂತಲ್ಲಿಂದಲೇ ರಿಪೇರಿ ಮಾಡಲು ಬಳಸುವ ಐಪಿ ಕೆವಿಎಂ ಡಬ್ಬಿಗಳೊಳಗೆ ಕ್ಯಾಪ್ಚರ್ ಚಿಪ್ ಇರುವುದು ಇದಕ್ಕೇ. ಯಂತ್ರದ ಮೇಲೆ ಯಂತ್ರವೇ ಸಾಕ್ಷಿ ಹೇಳಬಾರದೆನ್ನುವ ಸಂದರ್ಭವೂ ಇದೆ. ಎನ್‌ವಿಡಿಯಾ 2013ರಲ್ಲಿ ಬಿಡುಗಡೆ ಮಾಡಿದ ಎಫ್‌ಕ್ಯಾಟ್ ಪದ್ಧತಿಯಲ್ಲಿ ಆಟದ ಪ್ರತಿ ಚೌಕಟ್ಟಿನ ಎಡ ಅಂಚಿಗೂ ಸರದಿಯಂತೆ ಒಂದೊಂದು ಬಣ್ಣ ಬಳಿದು, ಕೇಬಲ್ಲಿನಲ್ಲಿ ಬಂದದ್ದನ್ನು ಇನ್ನೊಂದು ಕಂಪ್ಯೂಟರಿನ ಕ್ಯಾಪ್ಚರ್ ಕಾರ್ಡಿನಿಂದ ಹಿಡಿಯುತ್ತಾರೆ. ಕೆಲವೇ ಗೆರೆಗಳಷ್ಟು ಕಾಣಿಸಿಕೊಂಡು ಹೋದ ಚೌಕಟ್ಟು, ಕಾಣಿಸಿಕೊಳ್ಳದೇ ಹೋದ ಚೌಕಟ್ಟು ಎಲ್ಲವೂ ಬಣ್ಣಗಳ ಎಣಿಕೆಯಲ್ಲಿ ಸಿಕ್ಕಿಬೀಳುತ್ತವೆ. ತಂತ್ರಾಂಶದ ಲೆಕ್ಕ ಇವನ್ನೂ ಪೂರ್ಣ ಚೌಕಟ್ಟುಗಳೆಂದೇ ಎಣಿಸುತ್ತಿತ್ತು.

ಸೆಕೆಂಡಿಗೆ 48 ಗಿಗಾಬಿಟ್‌ವರೆಗೆ ಸಾಗಿಸುವ ಎಚ್‌ಡಿಎಂಐ 2.1ಕ್ಕೆ ಒಗ್ಗುವ ಕಾರ್ಡುಗಳು 2023ರಿಂದ ಸಿಗುತ್ತಿವೆ. ಈಗಿನ ತೊಡಕು ಬದಲಾಗುವ ವೇಗದ್ದು. ಹೊಸ ಮಾನಿಟರ್‌ಗಳು ಗ್ರಾಫಿಕ್ಸ್ ಚಿಪ್ ಚೌಕಟ್ಟು ಮುಗಿಸಿದ ಕ್ಷಣದಲ್ಲಿ ಪರದೆ ಬದಲಿಸುತ್ತವೆ. ಒಂದು ಚೌಕಟ್ಟು 8 ಮಿಲಿಸೆಕೆಂಡ್ ನಿಂತರೆ ಮುಂದಿನದು 14 ನಿಲ್ಲಬಹುದು. ರೆಕಾರ್ಡ್ ಆಗುವ ವಿಡಿಯೊಗೆ ಸಾಮಾನ್ಯವಾಗಿ ಒಂದೇ ಸಮನಾದ ವೇಗ ಬೇಕು. ಹಾಗಾಗಿ ಟಿವಿಗೆ ದಾಟುವ ಚಿತ್ರ ತನ್ನ ಲಯದಲ್ಲೇ ಹೋಗುತ್ತದೆ, ಫೈಲಿಗೆ ಇಳಿಯುವಾಗ ಕೆಲವು ಚೌಕಟ್ಟುಗಳು ಎರಡು ಸಲ ದಾಖಲಾಗುತ್ತವೆ, ಕೆಲವು ಬಿಟ್ಟುಹೋಗುತ್ತವೆ.