ಕರೆಂಟ್ ಹೋದರೂ ದಾರಿ ತಪ್ಪದಂತೆ

1978ರ ಜನವರಿ 1ರ ರಾತ್ರಿ ಮುಂಬೈಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ‘ಎಂಪರರ್ ಅಶೋಕ’ ವಿಮಾನ ಕೆಲವೇ ನಿಮಿಷಗಳಲ್ಲಿ ಅರಬ್ಬೀ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 213 ಮಂದಿಯೂ ಸತ್ತರು. ತನಿಖೆ ಬೊಟ್ಟು ಮಾಡಿದ್ದು ಕ್ಯಾಪ್ಟನ್‌ ಎದುರಿನ ಒಂದು ಉಪಕರಣದತ್ತ. ವಿಮಾನ ಎತ್ತ ವಾಲಿದೆಯೆಂದು ಹೇಳಬೇಕಾದ ಅದು ಬಲಕ್ಕೆಂದು ತೋರಿಸುತ್ತಿತ್ತು. ವಿಮಾನ ವಾಲುತ್ತಿದ್ದುದು ಎಡಕ್ಕೆ.

ವಾಲಿದ್ದು ಮೈಗೆ ತಿಳಿಯಬೇಡವೇ ಎನ್ನಿಸಬಹುದು. ತಿಳಿಯುವುದಿಲ್ಲ. ಗೋಡೆ ಕಟ್ಟುವ ಮೇಸ್ತ್ರಿ ದಾರಕ್ಕೆ ಕಟ್ಟಿದ ಗುಂಡನ್ನು ಇಳಿಬಿಟ್ಟು ನೇರ ನೋಡುತ್ತಾನಷ್ಟೆ. ಸರಿಯಾಗಿ ವಾಲಿ ತಿರುಗುತ್ತಿರುವ ವಿಮಾನದಲ್ಲಿ ಅದೇ ಗುಂಡು ಭೂಮಿಯ ಕಡೆಗಲ್ಲ, ವಿಮಾನದ ತಳದ ಕಡೆಗೇ ತೂಗುತ್ತದೆ. ಕಿವಿಯೊಳಗಿನ ಸಮತೋಲನದ ಅಂಗವೂ ಹೀಗೆಯೇ ಮೋಸಹೋಗುತ್ತದೆ. ಮೋಸಹೋಗದ್ದು ಬುಗುರಿ. ವೇಗವಾಗಿ ಸುತ್ತುವ ಬುಗುರಿ ತನ್ನ ಅಚ್ಚಿನ ದಿಕ್ಕನ್ನು ಸುಲಭಕ್ಕೆ ಬಿಟ್ಟುಕೊಡದು. ಸ್ಪೆರಿ ಕಂಪೆನಿ ಅಂಥ ಬುಗುರಿಗಳಿಂದ ಮಾಡಿದ ಉಪಕರಣಗಳನ್ನು ನಂಬಿ ಅಮೆರಿಕದ ಜೇಮ್ಸ್ ಡೂಲಿಟಲ್ 1929ರ ಸೆಪ್ಟೆಂಬರ್ 24ರಂದು, ಹೊರಗಿನದೇನೂ ಕಾಣದಂತೆ ಮುಚ್ಚಿದ ಆಸನದಲ್ಲಿ ಕುಳಿತು, ವಿಮಾನವನ್ನು ಏರಿಸಿ ಇಳಿಸಿಯೂಬಿಟ್ಟರು.

ಬುಗುರಿ ಸುತ್ತಲು ಬಲ ಬೇಕು. ಆ ಬಲ ಎಲ್ಲಿಂದ ಎಂಬುದೇ ಸಣ್ಣ ವಿಮಾನ ಕಟ್ಟುವವರ ಹಳೆಯ ತಲೆನೋವು. ವೇಗ ಮತ್ತು ಎತ್ತರ ತೋರಿಸುವ ಮೀಟರುಗಳದು ಈ ಗೋಳಲ್ಲ. ಅವು ಬರೀ ಗಾಳಿಯ ಒತ್ತಡದಿಂದ ನಡೆಯುತ್ತವೆ. ಬುಗುರಿಗೆ ಮಾತ್ರ ಹೊರಗೆ ಕೊಳವೆಯಿಟ್ಟೋ, ಎಂಜಿನ್ನಿಗೆ ಪಂಪು ಜೋಡಿಸಿಯೋ ಗಾಳಿ ಹೀರಿಸಬೇಕು. ಇಲ್ಲವೇ ವಿದ್ಯುತ್ ಕೊಡಬೇಕು.

ಬೆಂಗಳೂರಿನ ಎಚ್‌ಎಎಲ್ 1958ರಲ್ಲಿ ಹಾರಿಸಿದ ‘ಪುಷ್ಪಕ್’ ಈ ವಿಷಯದಲ್ಲಿ ನಿಶ್ಚಿಂತ. ಬಟ್ಟೆ ಹೊದಿಸಿದ, 90 ಅಶ್ವಶಕ್ತಿಯ, ಇಬ್ಬರು ಕೂರುವ ಈ ವಿಮಾನ ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಪೈಲಟ್‌ಗಳನ್ನು ತಯಾರಿಸಿತು. ಅದರ ಎಂಜಿನ್ನಿಗೆ ಕಿಡಿ ಕೊಡುತ್ತಿದ್ದುದು ಮ್ಯಾಗ್ನೆಟೊ. ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಹಗಲು, ಕಣ್ಣಿಗೆ ಕಾಣುವ ನೆಲದ ಮೇಲೆ ಹಾರುವವರಿಗೆ ಇಷ್ಟು ಸಾಕಿತ್ತು.

1980ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಒಂದು ವಿಚಿತ್ರ ವಿಮಾನ ಕಟ್ಟಿತು. ಮುಂದೆ ಪುಟ್ಟ ರೆಕ್ಕೆ, ಹಿಂದೆ ಎಂಜಿನ್, ಮೈಯೆಲ್ಲ ಗಾಜಿನ ನಾರು. ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲೇ ಕಟ್ಟಿಕೊಳ್ಳುವವರಿಗೆಂದು ನಕ್ಷೆ ಮಾರುತ್ತಿದ್ದ ‘ಲಾಂಗ್ ಈಜಿ’ ಅದರ ಮೂಲ. ಇಂಥದನ್ನು ಕಟ್ಟುವವನು ಉಪಕರಣಗಳನ್ನು ತಾನೇ ಆರಿಸಬೇಕು, ತಂತಿಯನ್ನೂ ತಾನೇ ಎಳೆಯಬೇಕು. ಎಂಜಿನ್ ಹಿಂದಿರುವುದರಿಂದ ಮೂತಿಯಲ್ಲಿ ಬ್ಯಾಟರಿಯಿಟ್ಟು ತೂಕ ಸರಿದೂಗಿಸುವುದು ಈ ಜಾತಿಯಲ್ಲಿ ರೂಢಿ. ಪ್ರಯೋಗಾಲಯ ಮುಂದೆ ಅದೇ ಬಗೆಯ ನಾರಿನ ಮೈಯಿಂದ ‘ಹಂಸ’ವನ್ನು ರೂಪಿಸಿತು, ಅದು 1993ರ ನವೆಂಬರಿನಲ್ಲಿ ಮೊದಲು ಹಾರಿತು.

2021ರ ಸೆಪ್ಟೆಂಬರ್ 3ರಂದು ಹಾರಿದ ಹೊಸ ‘ಹಂಸ-ಎನ್‌ಜಿ’ಯಲ್ಲಿ ಗುಂಡು ಮೀಟರುಗಳ ಬದಲು ಪರದೆಗಳಿವೆ. ಬುಗುರಿಯ ಕೆಲಸವನ್ನು ಇಂಥ ಪರದೆಗಳ ಹಿಂದಿನ ಪುಟ್ಟ ಚಿಪ್ಪುಗಳು ಮಾಡುತ್ತವೆ. ಅದರ ರೋಟಾಕ್ಸ್ ಎಂಜಿನ್ನಿಗೆ ಇಂಧನ ಅಳೆದು ಕೊಡುವುದೂ ಕಂಪ್ಯೂಟರೇ. ಅಂದರೆ ವಿದ್ಯುತ್ ಪೂರ್ತಿ ನಿಂತರೆ ಎಂಜಿನ್ನೂ ನಿಲ್ಲುತ್ತದೆ! ಅದಕ್ಕೆಂದೇ ಈ ಎಂಜಿನ್ನಿನಲ್ಲಿ ಎರಡು ಜನರೇಟರುಗಳಿವೆ. ಕೊಟ್ಟೂರು, ಕೂಡ್ಲಿಗಿ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರೆಂಟ್ ನಂಬಿ ಬೆಳೆ ಇಟ್ಟವರ ಪಾಡು ಅವರಿಗೆ ಗೊತ್ತು.

ಲೆಕ್ಕವೇನೋ ಸರಳ. 16 ಆಂಪಿಯರ್-ಗಂಟೆಯ ಬ್ಯಾಟರಿಯಿಂದ ಉಪಕರಣ, ರೇಡಿಯೊ ಸೇರಿ 8 ಆಂಪಿಯರ್ ಎಳೆದರೆ ಎರಡು ಗಂಟೆ. ಬ್ಯಾಟರಿ ಹಳತಾಗಿದ್ದರೆ, ದೀಪಗಳನ್ನು ಆರಿಸಲು ಮರೆತರೆ ಆ ಲೆಕ್ಕ ಪುಸ್ತಕದಲ್ಲೇ ಉಳಿಯುತ್ತದೆ. ಬಲ್ಲವರು ಪರದೆಗೆ ಪ್ರತ್ಯೇಕ ಪುಟ್ಟ ಬ್ಯಾಟರಿ ಇಡುತ್ತಾರೆ. ಮೂಲೆಯಲ್ಲಿ ಗಾಳಿಯಿಂದಲೇ ನಡೆಯುವ ವೇಗದ ಮೀಟರು, ಎತ್ತರದ ಮೀಟರು ಉಳಿಸಿಕೊಳ್ಳುತ್ತಾರೆ.

ಹಾಗೆಂದು ಗಾಳಿಯ ಮೀಟರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 1996ರ ಫೆಬ್ರುವರಿ 6ರಂದು ಡೊಮಿನಿಕನ್ ಗಣರಾಜ್ಯದಿಂದ ಹೊರಟ ಬೋಯಿಂಗ್ 757 ವೇಗವನ್ನು ತಪ್ಪಾಗಿ ತೋರಿಸಿಕೊಂಡು ಸಮುದ್ರಕ್ಕೆ ಬಿತ್ತು. 189 ಜನ ಸತ್ತರು. ಗಾಳಿ ಹಿಡಿಯುವ ಕೊಳವೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿದ್ದಿರಬೇಕು ಎಂಬುದು ತನಿಖೆಯವರ ಊಹೆ. ನಿಂತ ವಿಮಾನಗಳ ಕೊಳವೆಗೆ ತೊಡಿಸುವ ಕೆಂಪು ಗವಸು ಇದಕ್ಕೇ.